ಮಾರಿಕುಪ್ಪಂ–ಬೆಂಗಳೂರು ನಿತ್ಯ ರೈಲು ಮತ್ತು ನಗರದ ಗಾಳಿ

ಮಾರಿಕುಪ್ಪಂ–ಬೆಂಗಳೂರು ನಿತ್ಯ ರೈಲು: ಕೋಲಾರ ಜಿಲ್ಲೆಯ ಚಿನ್ನದ ಗಣಿ ಪ್ರದೇಶವಾಗಿದ್ದ ಕೆಜಿಎಫ್‌ನ ಮಾರಿಕುಪ್ಪಂನಿಂದ ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್ ಹಾದು ಬೆಂಗಳೂರಿಗೆ ದಿನವೂ ದುಡಿಯಲು ಹೋಗಿ ರಾತ್ರಿ ಮನೆ ಸೇರುವ ಸಾವಿರಾರು ಜನರನ್ನು ಸಾಗಿಸುವ ಗಾಡಿಗಳ ವ್ಯವಸ್ಥೆ. ದಾರಿಯ ಉದ್ದ ಸುಮಾರು 86 ಕಿ.ಮೀ. ನಗರಗಳಲ್ಲಿ ಕಾರುಗಳ ಸಂಚಾರ ತಗ್ಗಿಸಿ ಗಾಳಿಯನ್ನು ಉಸಿರಾಡುವಂತೆ ಇಟ್ಟುಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಮೇಲ್ಸೇತುವೆ, ಮೆಟ್ರೊ, ವಿದ್ಯುತ್ ವಾಹನಗಳ ಮಾತು ಬರುತ್ತದೆ. ಹಳೆಯ ಪ್ಯಾಸೆಂಜರ್ ಗಾಡಿಗಳ ಮಾತು ಅಪರೂಪ. ಆದರೆ ಬೆಂಗಳೂರಿನ ಪೂರ್ವದ ರಸ್ತೆಗಳಿಗೆ ಇಳಿಯಬೇಕಾಗಿದ್ದ ಎಷ್ಟೋ ವಾಹನಗಳನ್ನು ಈ ಗಾಡಿಗಳು ದಶಕಗಳಿಂದ ತಡೆದು ನಿಲ್ಲಿಸಿವೆ. ಹೊಸ ನೀತಿಗಳನ್ನು ರೂಪಿಸುವ ಮೊದಲು ಈಗಾಗಲೇ ನಡೆಯುತ್ತಿರುವ ಈ ಕೆಲಸವನ್ನು ಗುರುತಿಸಿ ಬಲಪಡಿಸಬೇಕು ಎಂಬುದು ಈ ವಿಷಯದ ಮುಖ್ಯ ಪಾಠ.

ಊರು ಮತ್ತು ಹಳಿ

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ ಬಂದ ಹೆಸರು ಅದು. ಮದರಾಸು ರೈಲ್ವೆ ಕಂಪನಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಾಕಿದ ಮಾರ್ಗ 1864ರಲ್ಲಿ ತೆರೆಯಿತು. ಮೈಸೂರು ಸೀಮೆ ಕಂಡ ಮೊದಲ ರೈಲು ಅದೇ. ಬಂಗಾರಪೇಟೆ ಆ ಮಾರ್ಗದ ಮೇಲಿನ ಊರಾಗಿ ಬೆಳೆಯಿತು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗಾರಿಕೆಯ ಆಡಳಿತ ಹಿಡಿದ ಮೇಲೆ ಕೆಜಿಎಫ್‌ನ ಚಹರೆಯೇ ಬದಲಾಯಿತು. ಆಳಕ್ಕೆ ಇಳಿದಂತೆಲ್ಲ ಯಂತ್ರ, ಕಲ್ಲಿದ್ದಲು, ಮರದ ದಿಮ್ಮಿಗಳು ಬೇಕಾದವು. ಅವನ್ನು ಎತ್ತಿನಗಾಡಿಯಲ್ಲಿ ಸಾಗಿಸಿ ಪೂರೈಸುವಂತಿರಲಿಲ್ಲ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿ.ಮೀ. ಉದ್ದದ ಕವಲು ಮಾರ್ಗ ಬಂತು. ಈ ಕವಲಿನ ಮೇಲಿನ ಬಿಇಎಂಎಲ್ ನಗರ, ಕೋರಮಂಡಲ, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳ ಹೆಸರನ್ನು ಓದಿದರೆ ಗಣಿ ಮತ್ತು ಕಾರ್ಖಾನೆಗಳ ಚರಿತ್ರೆಯನ್ನೇ ಓದಿದಂತೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಗಣಿಗಳಿಗೆ ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಕ್ಕೆ 3 ವರ್ಷಗಳ ನಂತರ.

ಗಣಿಯ ಕಾಲದ ಕೆಜಿಎಫ್ ನಡೆದಾಡುವವರ ಊರು. ಶಾಫ್ಟುಗಳ ಸುತ್ತಲೇ ಕಾರ್ಮಿಕರ ಸಾಲುಮನೆಗಳನ್ನು ಕಟ್ಟಿದ್ದರು. ಜನ ಅವನ್ನು ಈಗಲೂ ‘ಲೈನು’ ಎಂದೇ ಕರೆಯುತ್ತಾರೆ. ಪಾಳಿಗೆ ಹೋಗುವವರು ಲೈನಿನಿಂದ ಹೊರಟು ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಗಣಿಯ ಬಾಯಿಗೆ ಬರುತ್ತಿದ್ದರು. ಅಲ್ಲಿಂದ ಮುಂದಿನ ದೂರ ನೆಲದೊಳಕ್ಕೆ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ. ಮೀರಿತ್ತು. ಮನೆ, ಕೆಲಸ, ಆಸ್ಪತ್ರೆ, ಶಾಲೆ, ಸಂತೆ ಇವೆಲ್ಲ ನಡೆದು ಮುಟ್ಟುವಷ್ಟು ಹತ್ತಿರ ಇದ್ದವು. ಹೆಚ್ಚು ವಾಹನ ಬೇಕಿಲ್ಲದ ಊರು ಹೇಗಿರುತ್ತದೆ ಎಂದು ಇಂದಿನ ನಗರ ಯೋಜಕರು ಬಣ್ಣಿಸುವ ವಿನ್ಯಾಸ ಹೆಚ್ಚು ಕಡಿಮೆ ಇದೇ. ಕೆಜಿಎಫ್‌ನಲ್ಲಿ ಆ ವಿನ್ಯಾಸ ಹುಟ್ಟಿದ್ದು ಕಂಪನಿಯ ಅನುಕೂಲಕ್ಕೆ. ಲೈನಿನ ಮನೆಗಳು ಇಕ್ಕಟ್ಟಾಗಿದ್ದವು, ಅಲ್ಲಿನ ಬದುಕು ಕಷ್ಟದ್ದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಗಣಿ ಮುಚ್ಚಿದ ಮೇಲೆ

ಸ್ವಾತಂತ್ರ್ಯಾನಂತರ ಸರ್ಕಾರದ ಕೈಗೆ ಬಂದ ಗಣಿಗಳನ್ನು 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ವಹಿಸಿಕೊಂಡಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ತೆಗೆಯುವ ಖರ್ಚು ಏರುತ್ತ ಹೋಗಿ 2001ರ ಫೆಬ್ರುವರಿ ಕೊನೆಗೆ ಗಣಿಗಳು ಮುಚ್ಚಿದವು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಊರಿನಲ್ಲಿ ದುಡಿಮೆಯ ನೆಲೆಯೇ ಇಲ್ಲವಾಯಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಾರ್ಖಾನೆ ಒಂದಷ್ಟು ಕುಟುಂಬಗಳಿಗೆ ಆಸರೆಯಾಗಿತ್ತು. ಉಳಿದವರ ಮುಂದೆ ಇದ್ದದ್ದು ಎರಡೇ ದಾರಿ: ಊರು ಬಿಡುವುದು, ಇಲ್ಲವೇ ಊರಿನಲ್ಲಿದ್ದುಕೊಂಡೇ ಬೆಂಗಳೂರಿಗೆ ಓಡಾಡುವುದು.

ಅನೇಕರು ಎರಡನೆಯದನ್ನು ಆರಿಸಿಕೊಂಡರು. ಅದಕ್ಕೆ ಮುಖ್ಯ ಕಾರಣ ಹಳಿ ಇತ್ತು ಎಂಬುದೇ. ಚಿನ್ನದ ಗಣಿಗೆ ಯಂತ್ರ ತರಲೆಂದು ಹಾಕಿದ ಮಾರ್ಗ, ಗಣಿ ಮುಚ್ಚಿದ ಮೇಲೆ ಗಣಿಯ ಮಕ್ಕಳನ್ನು ದೂರದ ಕೆಲಸಕ್ಕೆ ಮುಟ್ಟಿಸುವ ದಾರಿಯಾಯಿತು. ತಂದೆ ನಡೆದು ಹೋಗುತ್ತಿದ್ದ ಜಾಗದಲ್ಲಿ ಮಗಳು ಅಥವಾ ಮಗ ಒಂದೊಂದು ಕಡೆಗೆ ಎರಡು ಗಂಟೆಗೂ ಹೆಚ್ಚು ಹೊತ್ತು ಪ್ರಯಾಣ ಮಾಡುವಂತಾಯಿತು. ಈ ಪ್ರಯಾಣವನ್ನು ಹೊಗಳುವಾಗ ಅದರ ಹಿಂದಿನ ನಷ್ಟವನ್ನು ನೆನೆಯಬೇಕು. ಊರಿನಲ್ಲೇ ಕೆಲಸ ಉಳಿದಿದ್ದರೆ ಇಷ್ಟು ದೂರದ ಓಡಾಟವೇ ಬೇಕಿರಲಿಲ್ಲ.

ಬೆಳಗಿನ ಗಾಡಿ

ಮಾರಿಕುಪ್ಪಂನಲ್ಲಿ ದಿನ ಶುರುವಾಗುವುದು ಬೆಳಕು ಹರಿಯುವ ಮೊದಲೇ. ಕೊನೆಯ ನಿಲ್ದಾಣವಾದ್ದರಿಂದ ಇಲ್ಲಿ ಹತ್ತುವವರಿಗೆ ಕೂರಲು ಜಾಗ ಸಿಗುತ್ತದೆ. ಗಾಡಿ ಊರ್ಗಾಂ, ಕೋರಮಂಡಲ ದಾಟುವಷ್ಟರಲ್ಲಿ ಸೀಟಿನ ಮೇಲೆ ಕರ್ಚೀಫು, ಕಿಟಕಿಯಿಂದ ಒಳಗೆ ತೂರಿಸಿದ ಊಟದ ಚೀಲ ಕಾಣಿಸತೊಡಗುತ್ತವೆ. ಮುಂದಿನ ನಿಲ್ದಾಣದಲ್ಲಿ ಹತ್ತುವ ಗೆಳೆಯರಿಗೆ ಜಾಗ ಹಿಡಿಯುವ ಕ್ರಮ ಅದು. ಬಂಗಾರಪೇಟೆಯಲ್ಲಿ ಬೋಗಿ ತುಂಬುತ್ತದೆ. ಟೇಕಲ್, ಮಾಲೂರಿನಲ್ಲಿ ಹತ್ತಿದವರು ಬಾಗಿಲ ಬಳಿ ನಿಲ್ಲುತ್ತಾರೆ. ತಮಿಳು, ಕನ್ನಡ, ತೆಲುಗು ಮೂರೂ ಒಂದೇ ಮಾತುಕತೆಯಲ್ಲಿ ಬೆರೆಯುತ್ತವೆ.

ಗಾಡಿಯಲ್ಲಿ ಆಸ್ಪತ್ರೆಯ ನರ್ಸ್‌ಗಳಿರುತ್ತಾರೆ, ಗಾರ್ಮೆಂಟ್ಸ್ ಕೆಲಸದವರಿರುತ್ತಾರೆ, ಸೆಕ್ಯುರಿಟಿ ಕೆಲಸದವರು, ಗಾರೆ ಕೆಲಸದವರು, ಸಾಫ್ಟ್‌ವೇರ್ ಕಂಪನಿಯ ಹುಡುಗರು, ಸರ್ಕಾರಿ ನೌಕರರು, ಕಾಲೇಜಿನ ಮಕ್ಕಳು ಇರುತ್ತಾರೆ. ಬಹುಪಾಲು ಜನರ ಕಿಸೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ತಿಂಗಳ ಪಾಸು ಅಥವಾ ಫೋನಿನಲ್ಲಿ ಅದರ ನಕಲು. 150 ಕಿ.ಮೀ. ಒಳಗಿನ ದೂರಕ್ಕೆ ರೈಲ್ವೆ ಕೊಡುವ ಈ ಪಾಸಿನ ದರ ದಿನದಿನದ ಟಿಕೆಟ್ಟಿಗಿಂತ ಬಹಳ ಕಡಿಮೆ. ವೈಟ್‌ಫೀಲ್ಡ್, ಹೂಡಿಗಳಲ್ಲಿ ಕೆಲವರು ಇಳಿದರೆ, ಕೃಷ್ಣರಾಜಪುರದಲ್ಲಿ ಒಂದು ದೊಡ್ಡ ಗುಂಪು ಇಳಿಯುತ್ತದೆ. ಬೈಯಪ್ಪನಹಳ್ಳಿ, ದಂಡು ನಿಲ್ದಾಣಗಳಲ್ಲಿ ಉಳಿದವರು ಕರಗುತ್ತ ಹೋಗುತ್ತಾರೆ. ಗಾಡಿ ಸಂಗೊಳ್ಳಿ ರಾಯಣ್ಣ ನಿಲ್ದಾಣ ತಲುಪುವ ಹೊತ್ತಿಗೆ ನಗರದ ಪೂರ್ವದ ಅಂಚಿನಿಂದ ನಡುವಿನವರೆಗೆ ಜನರನ್ನು ಹಂಚಿ ಮುಗಿಸಿರುತ್ತದೆ.

ಹೊಗೆ ಮತ್ತು ದೂಳು

ವಾಹನಗಳಿಂದ ಬರುವ ಮಾಲಿನ್ಯ ಎಂದರೆ ಸೈಲೆನ್ಸರಿನ ಹೊಗೆ ಮಾತ್ರ ಎಂಬ ಭಾವನೆ ಇದೆ. ನಿಜವಾಗಿ ಅದು ಮೂರು ಬಗೆಯಲ್ಲಿ ಬರುತ್ತದೆ. ಮೊದಲನೆಯದು ಇಂಧನ ಉರಿದಾಗ ಹೊರಬರುವ ನೈಟ್ರೋಜನ್ ಆಕ್ಸೈಡು, ಕಾರ್ಬನ್ ಮಾನಾಕ್ಸೈಡು, ಮಸಿಯ ಕಣಗಳು. ಎರಡನೆಯದು ಬ್ರೇಕು, ಟೈರು ಸವೆದು ಉದುರುವ ಪುಡಿ. ಮೂರನೆಯದು ಚಕ್ರಗಳು ರಸ್ತೆಯಿಂದ ಮತ್ತೆ ಮತ್ತೆ ಮೇಲೆಬ್ಬಿಸುವ ದೂಳು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮ ಮೊದಲನೆಯದನ್ನು ಗಣನೀಯವಾಗಿ ತಗ್ಗಿಸುತ್ತದೆ. ವಿದ್ಯುತ್ ಕಾರು ಅದನ್ನು ರಸ್ತೆಯಿಂದ ಪೂರ್ತಿ ಇಲ್ಲವಾಗಿಸುತ್ತದೆ. ಆದರೆ ಟೈರಿನ ಪುಡಿಯೂ ರಸ್ತೆಯ ದೂಳೂ ಉಳಿದೇ ಉಳಿಯುತ್ತವೆ. ಆದ್ದರಿಂದ ಕಾರಿನ ಬಗೆ ಬದಲಾದರೆ ಸಾಲದು, ಕಾರುಗಳ ಸಂಖ್ಯೆಯೇ ಇಳಿಯಬೇಕು.

ಈ ಕಣಗಳಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣವು ಹೆಚ್ಚು ಅಪಾಯಕಾರಿ. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದರಷ್ಟಿರುವ ಇವು ಶ್ವಾಸಕೋಶದ ತಳಕ್ಕೆ ಇಳಿದು ರಕ್ತವನ್ನು ಸೇರಬಲ್ಲವು. ಇವುಗಳಿಗೆ ಭಾರತ ನಿಗದಿಪಡಿಸಿದ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನು 5 ಮೈಕ್ರೋಗ್ರಾಂಗೆ ಇಳಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ.

ಕೆಜಿಎಫ್‌ನ ಜನರಿಗೆ ದೂಳು ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಣಿಯೊಳಗೆ ಕಲ್ಲಿನ ದೂಳು ಕುಡಿದು ಬರುವ ಸಿಲಿಕೋಸಿಸ್ ಕಾಯಿಲೆ ಭಾರತದಲ್ಲಿ ಮೊದಮೊದಲು ದಾಖಲಾದ ಸ್ಥಳಗಳಲ್ಲಿ ಈ ಊರೂ ಒಂದು. ಊರಿನ ನಡುವೆ ಎದ್ದು ನಿಂತಿರುವ ‘ಸೈನೈಡ್ ಗುಡ್ಡ’ಗಳು ಇನ್ನೊಂದು ಸಾಕ್ಷಿ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ 3 ಕೋಟಿ ಟನ್ನಿಗೂ ಮಿಕ್ಕ ಮರಳು ಅಲ್ಲಿ ಬಿದ್ದಿದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಬೂದುಬಣ್ಣದ ಪುಡಿ ಒಗೆದು ಹರವಿದ ಬಟ್ಟೆಯ ಮೇಲೆ, ಮುಚ್ಚದ ನೀರಿನ ಮೇಲೆ ಬಂದು ಕೂರುತ್ತದೆ. ಮನೆಯಲ್ಲಿ ಗುಡ್ಡದ ದೂಳು, ಕೆಲಸದ ಜಾಗದಲ್ಲಿ ರಸ್ತೆಯ ದೂಳು: ನಿತ್ಯ ಪ್ರಯಾಣಿಕರಿಗೆ ಎರಡೂ ಪಾಲಿಗೆ ಬಂದಿವೆ. ತಾವು ಉಂಟುಮಾಡದ ಮಾಲಿನ್ಯವನ್ನು ಎರಡು ಕಡೆಯೂ ಉಸಿರಾಡುವವರು ಇವರು.

ಒಂದು ಗಾಡಿಯ ಲೆಕ್ಕ

ರೈಲು ಎಷ್ಟು ವಾಹನಗಳ ಕೆಲಸ ಮಾಡುತ್ತದೆಂದು ತಿಳಿಯಲು ಸರಳ ಲೆಕ್ಕವೊಂದು ಸಾಕು. 16 ಬೋಗಿಗಳ ಗಾಡಿಯಲ್ಲಿ ಬೋಗಿಗೆ 90 ಜನರಂತೆ ಕೂತವರನ್ನಷ್ಟೇ ಎಣಿಸಿದರೂ 1,440 ಮಂದಿ ಆಗುತ್ತಾರೆ. ನಿಂತವರು ಈ ಲೆಕ್ಕದಲ್ಲಿಲ್ಲ. ಇವರೆಲ್ಲ ಒಂದು ಕಾರಿಗೆ ಸರಾಸರಿ ಒಂದೂವರೆ ಜನರಂತೆ ಹೊರಟರೆ 960 ಕಾರು ಬೇಕು. ಕಾರಿಗೆ 4 ಮೀಟರ್, ಮುಂದಿನ ಕಾರಿಗೂ ಅದಕ್ಕೂ ನಡುವೆ 2 ಮೀಟರ್ ಜಾಗ ಬಿಟ್ಟು ಸಾಲಾಗಿ ನಿಲ್ಲಿಸಿದರೆ ಸಾಲಿನ ಉದ್ದ ಸುಮಾರು 6 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುತ್ತವೆಂದು ಹಿಡಿದರೂ 86 ಕಿ.ಮೀ. ದಾರಿಗೆ 5,500 ಲೀಟರ್ ಪೆಟ್ರೋಲು ಸುಡುತ್ತದೆ. ಅದರಿಂದ 12 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡು ಗಾಳಿ ಸೇರುತ್ತದೆ. ಇದು ಒಂದು ಗಾಡಿಯ, ಒಂದು ಕಡೆಯ ಲೆಕ್ಕ. ಕೆಲಸದ ಹೊತ್ತಿನಲ್ಲಿ ಅಷ್ಟು ಕಾರು ನಿಲ್ಲಿಸಲು 3 ಎಕರೆಯಷ್ಟು ಜಾಗ ನಗರದೊಳಗೆ ಬೇರೆ ಬೇಕು.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಅಗತ್ಯ. ಗಾಡಿ ಇಲ್ಲದಿದ್ದರೆ ಇವರೆಲ್ಲರೂ ಕಾರಿನಲ್ಲಿ ಬರುತ್ತಿದ್ದರು ಎನ್ನಲಾಗದು. ಹೆಚ್ಚಿನವರ ಸಂಪಾದನೆಗೆ ಕಾರು ನಿಲುಕುವುದಿಲ್ಲ. ಕೆಲವರು ಬಸ್ಸು ಹಿಡಿಯುತ್ತಿದ್ದರು, ಕೆಲವರು ಬೈಕಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೆದ್ದಾರಿ ದಾಟುತ್ತಿದ್ದರು, ಮತ್ತೆ ಕೆಲವರು ಬೆಂಗಳೂರಿನ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದು ನಗರದ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತಿದ್ದರು. ಆದರೆ ಆದಾಯ ಏರಿದಂತೆ ಬೈಕಿನಿಂದ ಕಾರಿಗೆ ಹೋಗುವುದು ಎಲ್ಲೆಡೆ ಕಂಡುಬರುವ ನಡೆ. ಗಾಡಿ ಸಮಯಕ್ಕೆ ಬಂದು, ಕೂರಲು ಜಾಗ ಕೊಟ್ಟರೆ ಆ ನಡೆ ನಿಧಾನವಾಗುತ್ತದೆ. ಸಂಬಳ ಹೆಚ್ಚಿದ ಮೇಲೂ ಪಾಸು ಇಟ್ಟುಕೊಂಡಿರುವವರು ಈ ಬೋಗಿಗಳಲ್ಲಿ ಇದ್ದಾರೆ. ನಗರದ ಗಾಳಿಯ ದೃಷ್ಟಿಯಿಂದ ಅವರ ತೀರ್ಮಾನಕ್ಕೆ ದೊಡ್ಡ ಬೆಲೆ ಇದೆ.

ಬೆಂಗಳೂರಿನ ಪ್ರಯತ್ನಗಳು

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅದರಲ್ಲಿ ಮೂರನೇ ಎರಡು ಪಾಲಿನಷ್ಟು ದ್ವಿಚಕ್ರ ವಾಹನಗಳು. ಟಾಮ್‌ಟಾಮ್ ಸಂಸ್ಥೆಯ ಅಳತೆಯಂತೆ 2022ರಲ್ಲಿ ನಗರದ ಒಳಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಯಿತು. ಆ ವರ್ಷ ಜಗತ್ತಿನಲ್ಲಿ ಇದಕ್ಕಿಂತ ನಿಧಾನ ಇದ್ದದ್ದು ಲಂಡನ್ ಒಂದೇ. ನಿಂತು ನಿಂತು ಚಲಿಸುವ ಎಂಜಿನ್ ಅದೇ ದೂರಕ್ಕೆ ಹೆಚ್ಚು ಇಂಧನ ಸುಡುತ್ತದೆ. ಹೀಗಾಗಿ ದಟ್ಟಣೆಯೇ ಮಾಲಿನ್ಯವನ್ನು ಹೆಚ್ಚಿಸುವ ಕಾರಣವಾಗುತ್ತದೆ.

ಜನರನ್ನು ಸ್ವಂತ ವಾಹನದಿಂದ ಇಳಿಸುವ ಯತ್ನಗಳು ಹಲವು ನಡೆದಿವೆ. 2010ರಲ್ಲಿ ನಗರದ ಬಸ್ ಸಂಸ್ಥೆ ಬಿಎಂಟಿಸಿ ಪ್ರತಿ ತಿಂಗಳ 4ನೇ ತಾರೀಕನ್ನು ‘ಬಸ್ ದಿನ’ವಾಗಿ ಆಚರಿಸತೊಡಗಿತು. 2018ರ ಫೆಬ್ರುವರಿಯಲ್ಲಿ ತಿಂಗಳ ಎರಡನೇ ಭಾನುವಾರವನ್ನು ‘ವಿರಳ ಸಂಚಾರ ದಿನ’ವೆಂದು ಸಾರಲಾಯಿತು. 2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯ ರೇಷ್ಮೆ ಮಂಡಳಿ–ಕೃಷ್ಣರಾಜಪುರ ಭಾಗದಲ್ಲಿ ಬಸ್ಸಿಗೇ ಮೀಸಲಾದ ಪಥ ಬಂತು. ಬಸ್ಸುಗಳ ವೇಗ ಹೆಚ್ಚಿತು. ಮುಂದೆ ಮೆಟ್ರೊ ಕಾಮಗಾರಿಯ ನಡುವೆ ಆ ಪಥ ಕಳೆದುಹೋಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯದ ದಿನಗಳಂದು ವಾಹನಗಳನ್ನು ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿತು.

ಜನರೂ ಸುಮ್ಮನಿರಲಿಲ್ಲ. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿ ಸಾವಿರಾರು ನಾಗರಿಕರು ಕೈ ಕೈ ಹಿಡಿದು ರಸ್ತೆ ಬದಿಗೆ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಮೇಲ್ಸೇತುವೆ ಬೇಡ ಎಂದವರೇ ಮುಂದೆ ‘ಚುಕು ಬುಕು ಬೇಕು’ ಎಂದು ಉಪನಗರ ರೈಲಿಗಾಗಿ ದನಿ ಎತ್ತಿದರು. ಬೇಡ ಎನ್ನುವುದರ ಜೊತೆಗೆ ಏನು ಬೇಕೆಂದು ಹೇಳಿದ್ದು ಆ ಚಳವಳಿಯ ಹೆಚ್ಚುಗಾರಿಕೆ.

ಹೊರಗಿನ ಅನುಭವ

ಕಾರು ಸಂಚಾರವನ್ನು ಬೆಲೆಯ ಮೂಲಕ ತಗ್ಗಿಸುವ ದಾರಿಯನ್ನು ಮೊದಲು ತುಳಿದ ನಗರ ಸಿಂಗಪುರ. ಅಲ್ಲಿ 1975ರಿಂದಲೇ ನಗರ ಕೇಂದ್ರಕ್ಕೆ ಬರುವ ಕಾರುಗಳು ಶುಲ್ಕ ತೆರಬೇಕಾಯಿತು. ಲಂಡನ್ 2003ರ ಫೆಬ್ರುವರಿಯಲ್ಲಿ ದಟ್ಟಣೆ ಶುಲ್ಕ ತಂದಿತು, 2019ರಲ್ಲಿ ಹೆಚ್ಚು ಹೊಗೆ ಬಿಡುವ ವಾಹನಗಳಿಗೆ ಪ್ರತ್ಯೇಕ ಶುಲ್ಕ ಹೇರಿತು. ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳು ಪ್ರಯೋಗ ನಡೆಸಿ, ಜನಮತ ಪಡೆದು, 2007ರಲ್ಲಿ ಶುಲ್ಕವನ್ನು ಕಾಯಂ ಮಾಡಿತು. ಅಲ್ಲಿ ನಗರ ಕೇಂದ್ರದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದವು. ಈ ಪ್ರಯೋಗದ ಒಂದು ವಿವರ ಮುಖ್ಯವಾದದ್ದು. ಶುಲ್ಕ ಶುರುವಾಗುವ ತಿಂಗಳುಗಳ ಮೊದಲೇ, 2005ರ ಆಗಸ್ಟಿನಲ್ಲಿ, ಸುಮಾರು 200 ಹೊಸ ಬಸ್ಸುಗಳು ರಸ್ತೆಗಿಳಿದಿದ್ದವು. ಮೊದಲು ದಾರಿ ಕೊಟ್ಟು, ಆಮೇಲೆ ತಡೆ ಹಾಕಿದ್ದರಿಂದ ಜನ ಒಪ್ಪಿದರು.

ದೆಹಲಿಯಲ್ಲಿ 2016ರ ಜನವರಿಯ ಮೊದಲ ಹದಿನೈದು ದಿನ ನಡೆದ ಸಮ–ಬೆಸ ಪ್ರಯೋಗ ರಸ್ತೆಗಳನ್ನು ಸ್ವಲ್ಪ ಹಗುರಗೊಳಿಸಿತು. ಆದರೆ ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಇತ್ತು, ಅವಧಿಯೂ ಚಿಕ್ಕದು. ಮುಂಬಯಿಯ ಉದಾಹರಣೆ ಬೇರೆ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ಆ ನಗರ 1925ರಲ್ಲೇ ವಿದ್ಯುತ್ ಗಾಡಿ ಓಡಿಸಿತು, ಲೋಕಲ್ ರೈಲಿನ ಹಳಿಗುಂಟವೇ ಬೆಳೆಯಿತು. ಇಂದು ಅಲ್ಲಿ ದಿನಕ್ಕೆ 70 ಲಕ್ಷದ ಆಸುಪಾಸಿನ ಜನ ಲೋಕಲ್ ಹತ್ತುತ್ತಾರೆ. ಬೆಂಗಳೂರಿಗೂ ಹೆಚ್ಚು ಕಡಿಮೆ ಅಷ್ಟೇ ಹಳೆಯ ಹಳಿ ಇತ್ತು. ನಗರ ಮಾತ್ರ ಹಳಿಯತ್ತ ಬೆನ್ನು ಹಾಕಿ ರಸ್ತೆಗುಂಟ ಬೆಳೆಯಿತು.

ಉಪನಗರ ರೈಲು ಯೋಜನೆ

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾಪ 1983ರಷ್ಟು ಹಿಂದಿನದು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ 15,767 ಕೋಟಿ ರೂಪಾಯಿ ವೆಚ್ಚದ, 148 ಕಿ.ಮೀ. ಉದ್ದದ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2022ರ ಜೂನ್ 20ರಂದು ಶಂಕುಸ್ಥಾಪನೆ ಆಯಿತು. ಕೆ–ರೈಡ್ ಎಂದು ಕರೆಯಲಾಗುವ, ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಕಂಪನಿ ಅದನ್ನು ಕೈಗೆತ್ತಿಕೊಂಡಿದೆ. ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರಿಟ್ಟಿದ್ದಾರೆ: ದೇವನಹಳ್ಳಿಯ ಕಡೆಗೆ ಸಂಪಿಗೆ, ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ನಡುವೆ ಮಲ್ಲಿಗೆ, ಕೆಂಗೇರಿ–ವೈಟ್‌ಫೀಲ್ಡ್ ನಡುವೆ ಪಾರಿಜಾತ, ಹೀಲಲಿಗೆ–ರಾಜಾನುಕುಂಟೆ ನಡುವೆ ಕನಕ.

ಪಾರಿಜಾತ ವೈಟ್‌ಫೀಲ್ಡಿಗೆ ನಿಂತುಬಿಡುತ್ತದೆ. ಅಲ್ಲಿಂದ ಬಂಗಾರಪೇಟೆಯವರೆಗೆ ವಿಸ್ತರಿಸುವ ಆಲೋಚನೆಯನ್ನು ಕೆ–ರೈಡ್ ಎರಡನೇ ಹಂತದ ಪ್ರಸ್ತಾವದಲ್ಲಿ ಮುಂದಿಟ್ಟಿತ್ತು. ಬೆಂಗಳೂರಿಗೆ ದುಡಿಯಲು ಬರುವ ದೂರದೂರಿನ ಜನರ ದೃಷ್ಟಿಯಿಂದ ಈ ಎರಡನೇ ಹಂತವೇ ಹೆಚ್ಚು ಮಹತ್ವದ್ದು. ಇನ್ನೊಂದು ಕಡೆ, ಮಾರಿಕುಪ್ಪಂನಿಂದ ಆಂಧ್ರಪ್ರದೇಶದ ಕುಪ್ಪಂವರೆಗೆ ಸುಮಾರು 24 ಕಿ.ಮೀ. ಹೊಸ ಮಾರ್ಗಕ್ಕೆ 2011–12ರಲ್ಲಿ ಮಂಜೂರಾತಿ ಸಿಕ್ಕಿತು. ಅದು ಪೂರ್ಣಗೊಂಡರೆ ನೂರಕ್ಕೂ ಹೆಚ್ಚು ವರ್ಷ ಕೊನೆಯ ನಿಲ್ದಾಣವಾಗಿದ್ದ ಮಾರಿಕುಪ್ಪಂ ಚೆನ್ನೈ ದಾರಿಯ ನಡುವಿನ ನಿಲ್ದಾಣವಾಗುತ್ತದೆ. ಗಡಿಯಾಚೆಯ ಹಳ್ಳಿಗಳ ಜನರಿಗೂ ಬೆಳಗಿನ ಗಾಡಿ ಹತ್ತಿರವಾಗುತ್ತದೆ.

ಅಡ್ಡಿಗಳು

ಮೊದಲ ಅಡ್ಡಿ ಹಳಿಯ ಮೇಲಿನ ಒತ್ತಡ. ಬಂಗಾರಪೇಟೆ–ಬೆಂಗಳೂರು ಮಾರ್ಗ ಚೆನ್ನೈ ಕಡೆಯ ದೂರದ ಎಕ್ಸ್‌ಪ್ರೆಸ್ ಗಾಡಿಗಳಿಗೂ ಗೂಡ್ಸ್ ಗಾಡಿಗಳಿಗೂ ಒಂದೇ ದಾರಿ. ದೇವನಗೊಂದಿಯಲ್ಲಿ ತೈಲ ಕಂಪನಿಗಳ ಡಿಪೊಗಳಿವೆ, ವೈಟ್‌ಫೀಲ್ಡಿನಲ್ಲಿ ಕಂಟೇನರ್ ಡಿಪೊ ಇದೆ. ದೊಡ್ಡ ಗಾಡಿಗೆ ದಾರಿ ಬಿಡಲು ಪ್ಯಾಸೆಂಜರನ್ನು ಪಕ್ಕದ ಹಳಿಯಲ್ಲಿ ನಿಲ್ಲಿಸುವುದು ವಾಡಿಕೆ. ಹತ್ತು ನಿಮಿಷ ನಿಂತರೆ ಒಬ್ಬರ ಹಾಜರಿ ತಪ್ಪುತ್ತದೆ, ಇನ್ನೊಬ್ಬರ ಅರ್ಧ ದಿನದ ಕೂಲಿ ಹೋಗುತ್ತದೆ. ಎರಡು ಸಲ ಹೀಗಾದವರು ಮೂರನೇ ಸಲ ಬೈಕು ತೆಗೆಯುತ್ತಾರೆ. ಬೆಂಗಳೂರು ದಂಡು–ವೈಟ್‌ಫೀಲ್ಡ್ ನಡುವೆ ಹಳಿಗಳನ್ನು ನಾಲ್ಕಕ್ಕೆ ಏರಿಸುವ ಕೆಲಸ ಇದಕ್ಕೆ ಸರಿಯಾದ ಮದ್ದು. ಬಂಗಾರಪೇಟೆ–ಮಾರಿಕುಪ್ಪಂ ಕವಲು ಒಂಟಿ ಹಳಿಯಾಗಿರುವುದು ಗಾಡಿಗಳ ಸಂಖ್ಯೆ ಹೆಚ್ಚಿಸಲು ಇನ್ನೊಂದು ತೊಡಕು.

ಎರಡನೇ ಅಡ್ಡಿ ನಿಲ್ದಾಣದಿಂದ ಕೆಲಸದ ಜಾಗಕ್ಕೆ ಹೋಗುವ ಕೊನೆಯ ನಾಲ್ಕಾರು ಕಿಲೋಮೀಟರು. 80 ಕಿ.ಮೀ. ದೂರವನ್ನು ಕಡಿಮೆ ಖರ್ಚಿನಲ್ಲಿ ಬಂದವರು ಕೊನೆಯ 4 ಕಿ.ಮೀ.ಗೆ ಆಟೋಗೆ ಅದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ಇಲ್ಲಿ ಪರಿಸ್ಥಿತಿ ಸುಧಾರಿಸಿದೆ. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರ–ವೈಟ್‌ಫೀಲ್ಡ್ ಮೆಟ್ರೊ, ಅದೇ ವರ್ಷದ ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿಯ ಜೋಡಣೆ ಬಂದ ಮೇಲೆ ನೇರಳೆ ಮಾರ್ಗ ಈ ರೈಲು ಮಾರ್ಗಕ್ಕೆ ಹಲವೆಡೆ ತಾಗಿಕೊಂಡೇ ಸಾಗುತ್ತದೆ. ವೈಟ್‌ಫೀಲ್ಡ್, ಕೃಷ್ಣರಾಜಪುರಗಳಲ್ಲಿ ರೈಲಿಳಿದು ಮೆಟ್ರೊ ಹತ್ತುವುದು ಈಗ ನಡೆದು ಮುಗಿಸುವ ಕೆಲಸ. ಆದರೆ ಪಾಸು ಬೇರೆ ಬೇರೆ, ವೇಳೆಗೆ ವೇಳೆ ಹೊಂದಿಕೆ ಇಲ್ಲ.

ಮೂರನೇ ಅಡ್ಡಿ ಹೊಸ ರಸ್ತೆಯ ಸೆಳೆತ. ಹೊಸಕೋಟೆಯಿಂದ ಶ್ರೀಪೆರಂಬುದೂರಿನವರೆಗೆ ಸುಮಾರು 260 ಕಿ.ಮೀ. ಉದ್ದದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಅಂದರೆ ಸುಮಾರು 71 ಕಿ.ಮೀ., 2024ರ ಡಿಸೆಂಬರಿನಲ್ಲಿ ಓಡಾಟಕ್ಕೆ ತೆರೆಯಿತು. ಅದು ಮಾಲೂರು, ಬಂಗಾರಪೇಟೆ, ಬೇತಮಂಗಲದ ಬಳಿ ಹಾದುಹೋಗುತ್ತದೆ. ಕಾರು ಇದ್ದವರಿಗೆ ಕೆಜಿಎಫ್‌ನಿಂದ ಹೊಸಕೋಟೆ ಈಗ ಬಹಳ ಹತ್ತಿರ. ಆದರೆ ಹೊಸಕೋಟೆ ದಾಟಿದ ಮೇಲೆ ಆ ಕಾರು ನುಗ್ಗುವುದು ಹಳೆಯ ಮದರಾಸು ರಸ್ತೆಯ ಅದೇ ದಟ್ಟಣೆಗೆ, ಕೃಷ್ಣರಾಜಪುರದ ತೂಗುಸೇತುವೆಯ ಅದೇ ಸಾಲಿಗೆ. ಊರಾಚೆ ವೇಗ ಹೆಚ್ಚಿಸುವ ರಸ್ತೆ ನಗರದೊಳಗೆ ಹೆಚ್ಚು ಕಾರುಗಳನ್ನು ತಂದು ಸುರಿಯುತ್ತದೆ. ರಸ್ತೆಗೆ ಸರಿಸಾಟಿಯಾಗಿ ರೈಲನ್ನೂ ಉತ್ತಮಪಡಿಸದಿದ್ದರೆ, ಇಷ್ಟು ದಿನ ಬೋಗಿಯಲ್ಲಿ ಕುಳಿತಿದ್ದವರನ್ನು ಮುಂದಿನ ವರ್ಷಗಳಲ್ಲಿ ಸ್ಟೀರಿಂಗ್ ಹಿಂದೆ ಕಾಣಬೇಕಾಗುತ್ತದೆ.

ಮಹತ್ವ

ರಸ್ತೆಯ ಮೇಲೆ ನಿಂತ ಕಾರುಗಳನ್ನು ಎಣಿಸಲು ಕ್ಯಾಮೆರಾಗಳಿವೆ, ಅವು ಬಿಟ್ಟ ಹೊಗೆ ಅಳೆಯಲು ಯಂತ್ರಗಳಿವೆ. ರಸ್ತೆಗೆ ಬಾರದೆ ಉಳಿದ ಕಾರನ್ನು ಎಣಿಸುವವರಿಲ್ಲ. ಎಣಿಕೆಗೆ ಸಿಗದ್ದಕ್ಕೆ ಬಜೆಟ್ಟಿನಲ್ಲಿ ಹಣ ಸಿಗುವುದೂ ಕಷ್ಟ. ಹೀಗಾಗಿ ದಟ್ಟಣೆ ನೀಗಿಸುವ ಹಣ ಮತ್ತೆ ಮತ್ತೆ ದಟ್ಟಣೆ ಇರುವಲ್ಲಿಗೇ, ಸುರಂಗಕ್ಕೋ ಮೇಲ್ಸೇತುವೆಗೋ ಹೋಗುತ್ತದೆ. ದಟ್ಟಣೆ ಹುಟ್ಟದಂತೆ ನೋಡಿಕೊಳ್ಳುವ ಗಾಡಿಗೆ ಎರಡು ಬೋಗಿ ಹೆಚ್ಚಿಗೆ ಬೇಕೆಂದರೂ ಪ್ರಯಾಣಿಕರು ವರ್ಷಗಟ್ಟಲೆ ಮನವಿ ಹಿಡಿದು ಓಡಾಡಬೇಕಾಗುತ್ತದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮಾರಿಕುಪ್ಪಂನಿಂದ ಮಾಲೂರಿನವರೆಗಿನ ಪ್ರತಿ ನಿಲ್ದಾಣದಲ್ಲಿ ಮಾರಾಟವಾಗುವ ಪಾಸುಗಳ ಲೆಕ್ಕವನ್ನು ನಗರದ ಸಂಚಾರ ಯೋಜನೆಯೊಳಗೆ ತರಬೇಕು. 2022ರಲ್ಲಿ ಶಾಸನಸಭೆ ಒಪ್ಪಿದ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಉದ್ದೇಶವೇ ಬೇರೆ ಬೇರೆ ಸಾರಿಗೆಗಳನ್ನು ಒಂದು ಸೂರಿನಡಿ ಯೋಚಿಸುವುದು. ಬೆಳಗ್ಗೆ ಸಂಜೆಯ ನಾಲ್ಕು ಗಂಟೆಗಳಲ್ಲಿ ಕೆಲಸಗಾರರ ಗಾಡಿಗೆ ಹಳಿಯ ಮೇಲೆ ಮೊದಲ ಮರ್ಯಾದೆ ಸಿಗಬೇಕು. ಗಾಡಿ ಬರುವ ವೇಳೆಗೆ ಸರಿಯಾಗಿ ಕೃಷ್ಣರಾಜಪುರ, ಹೂಡಿ, ವೈಟ್‌ಫೀಲ್ಡುಗಳಲ್ಲಿ ಬಿಎಂಟಿಸಿ ಬಸ್ಸು ಕಾದು ನಿಂತಿರಬೇಕು. ರೈಲು, ಮೆಟ್ರೊ, ಬಸ್ಸು ಮೂರಕ್ಕೂ ಒಂದೇ ಪಾಸು ಸಲ್ಲಬೇಕು. ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡಗಳಿಗೆ ಹಸಿರು ಹೊದಿಸಿ, ಊರಿನಲ್ಲೇ ಕೆಲಸ ಹುಟ್ಟಿಸಿದರೆ ಓಡಾಟದ ಹೊರೆಯೂ ಇಳಿಯುತ್ತದೆ.

ಸಂಜೆಯ ಗಾಡಿ ಬಂಗಾರಪೇಟೆಯಲ್ಲಿ ಅರ್ಧ ಖಾಲಿಯಾಗಿ, ಕತ್ತಲಲ್ಲಿ ಕವಲು ಹಳಿಗೆ ತಿರುಗುತ್ತದೆ. ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಕೊನೆಯವರು ಇಳಿಯುವ ಹೊತ್ತಿಗೆ ಮನೆಯ ಮಕ್ಕಳು ನಿದ್ದೆಹೋಗಿರುತ್ತಾರೆ. ಬೆಂಗಳೂರಿನ ಗಾಳಿ ಇರುವುದಕ್ಕಿಂತ ಹೆಚ್ಚು ಕೆಡದಂತೆ ಕಾದವರಲ್ಲಿ ಇವರೂ ಸೇರಿದ್ದಾರೆ. ಕೂರಲು ಒಂದು ಸೀಟು, ಸಮಯಕ್ಕೆ ಬರುವ ಗಾಡಿ: ಆ ನಗರ ಇವರಿಗೆ ಕನಿಷ್ಠ ಇಷ್ಟಾದರೂ ಸಲ್ಲಿಸಬೇಕು.